ಕಪ್ಪು ಮೂರು, ಬಿಳಿ ಐದು

ನಮ್ಮೂರಿನವರಿಗೆ ಹಾರ್ಮೋನಿಯಂ ಮಾಸ್ಟ್ರ ಹೆಣ್ಣುಮಕ್ಕಳು ಎಂದರೆ ಇಬ್ಬರೇ: ಅಕ್ಕ ಮತ್ತು ತಂಗಿ. ಉಡುಪಿಯಿಂದ ಕಾಸರಗೋಡಿನವರೆಗೆ ಅವರ ಜೋಡಿ ಹಾಡುಗಾರಿಕೆ ನಡೆಯದ ಊರಿಲ್ಲ. ನಡುವೆ ಹುಟ್ಟಿದ ನಾನು ಹಿಂದೆ ಕೂತು ತಂಬೂರಿ ಮೀಟುತ್ತಿದ್ದೆ. ಅಮ್ಮ ಹಾಸಿಗೆ ಹಿಡಿದಾಗ ಅಡಿಗೆಗೆ ಜನ ಬೇಕೆಂದು ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದ್ದು ನನ್ನನ್ನೇ. "ಇವಳಿಗೆ ಕಂಠ ಇಲ್ಲ, ಕಿವಿ ಮಾತ್ರ ಉಂಟು" ಎಂದು ಅಪ್ಪ ಎಲ್ಲರೆದುರು ಹೇಳುತ್ತಿದ್ದರು. ಅದನ್ನು ಹೊಗಳಿಕೆ ಎಂದು ತಿಳಿದು ಬಹಳ ವರ್ಷ ಸಂತೋಷಪಟ್ಟೆ.

ಅಪ್ಪನ ಮನೆಯಲ್ಲಿ ಶ್ರುತಿ ಎಂದರೆ ಬಿಳಿ ಐದು, ಹಾರ್ಮೋನಿಯಂನ ಐದನೆಯ ಬಿಳಿ ಮನೆ. ಅದರ ಪಕ್ಕದಲ್ಲೇ ಅರ್ಧ ಸ್ವರ ಕೆಳಗೆ ಕಪ್ಪು ಮೂರು. ಮೈಯಲ್ಲಿ ಜ್ವರವಿರಲಿ, ಗಂಟಲು ಕಟ್ಟಿರಲಿ, ಅಲ್ಲಿಗೆ ಇಳಿಯುವ ಹಾಗಿಲ್ಲ. "ಶ್ರುತಿ ಇಳಿಸುದೂ ಒಂದೇ, ಸೋತೆ ಅಂತ ಒಪ್ಪಿಕೊಳ್ಳುದೂ ಒಂದೇ" ಎನ್ನುತ್ತಿದ್ದರು. ಅವರು ಸತ್ತ ಮೇಲೂ ಆ ಮಾತು ಮನೆಯಲ್ಲೇ ಉಳಿಯಿತು.

ಭಾವನಿಗೆ ಕಲ್ಕತ್ತೆಯ ಬಿಬಿಡಿ ಬಾಗಿನ ಬ್ಯಾಂಕ್ ಶಾಖೆಗೆ ವರ್ಗವಾದಾಗ ಅಕ್ಕ ಆ ಊರಿಗೆ ಬಂದಳು. ಬಸುರಿಯಾದಳು, ನನ್ನನ್ನು ಕರೆಸಿಕೊಂಡಳು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಬಾಲಿಗಂಜ್ ಸ್ಟೇಷನ್ನಿನ ಹತ್ತಿರ ಮೂರನೇ ಮಾಳಿಗೆಯಲ್ಲಿ ಎರಡು ಕೋಣೆ. ಬಾಣಂತನ ಮುಗಿದರೂ ನನ್ನನ್ನು ಊರಿಗೆ ಕಳಿಸುವ ಮಾತು ಯಾರೂ ಎತ್ತಲಿಲ್ಲ. ಊರಲ್ಲಿ ನನಗಾಗಿ ಕಾಯುವವರೂ ಇರಲಿಲ್ಲ.

ಹೆರಿಗೆಯ ನಂತರ ಅಕ್ಕನ ಧ್ವನಿ ಇಳಿದಿತ್ತು. ಮೊದಲು ಗೊತ್ತಾದದ್ದು ನನಗೆ. ಮೇಲಿನ ಷಡ್ಜದಿಂದಾಚೆ ಹೋಗುವಾಗ ಕತ್ತಿನ ನರ ಉಬ್ಬುತ್ತಿತ್ತು. ಒಂದು ದಿನ ಅವಳು ಕೇಳುವ ಮೊದಲೇ ತಂಬೂರಿಯನ್ನು ಕಪ್ಪು ಮೂರಕ್ಕೆ ಇಳಿಸಿದೆ. ಹಾಡು ಸಲೀಸಾಗಿ ಹೋಯಿತು. ಮುಗಿಸಿದವಳು ಬಿರಡೆಗಳನ್ನೇ ನೋಡಿದಳು.

"ಎಂತ ಮಾಡಿದ್ದೆ ನೀನು?"

"ಎಂತದೂ ಇಲ್ಲ."

"ಯಾರಿಗೂ ಹೇಳ್ಬೇಡ ಮಾರಾಯ್ತಿ."

ಆಮೇಲೆ ದಿನವೂ ಹಾಗೆಯೇ ನಡೆಯಿತು. ಅಕ್ಕನ ಒಂದು ಗುಟ್ಟು ನನ್ನ ಕೈಯಲ್ಲಿದೆ ಎಂಬುದು ನನ್ನ ಬದುಕಿನ ಮೊದಲ ಆಸ್ತಿಯ ಹಾಗಿತ್ತು.

ಮಾರನೇ ವರ್ಷ ರಾಮನವಮಿಗೆ ಅಲ್ಲಿನ ಕನ್ನಡಿಗರ ಸಂಘ ಅಕ್ಕತಂಗಿಯರ ಕಛೇರಿ ಇಟ್ಟಿತು. ತಂಗಿ ಆಗ ಮದ್ರಾಸಿನಲ್ಲಿ ದೊಡ್ಡ ಗುರುಗಳ ಹತ್ತಿರ ಕಲಿಯುತ್ತಿದ್ದಳು. ಹೌರಾದಲ್ಲಿ ಇಳಿಯುವಾಗಲೇ ಕೊರಳಿಗೆ ಉಣ್ಣೆಯ ಶಾಲು ಸುತ್ತಿದ್ದಳು, ಆ ಸೆಕೆಯಲ್ಲಿ. ಊಟಕ್ಕೆ ಕೂತಾಗ ಕೇಳಿದಳು:

"ಇಲ್ಲಿಯವರು ದಾಲಿಗೂ ಸಕ್ಕರೆ ಹಾಕ್ತಾರಂತೆ, ಹೌದಾ?"

"ನಾವು ಸಾಂಬಾರಿಗೆ ಬೆಲ್ಲ ಹಾಕುದಿಲ್ವಾ?" ಎಂದೆ ನಾನು.

ಅಕ್ಕ ನಕ್ಕಳು. "ನೋಡು, ಹೇಗೆ ಅವರ ಪರ ವಹಿಸ್ತಾಳೆ! ಬಿಟ್ರೆ ಬಂಗಾಳಿಯನ್ನೇ ಮದುವೆ ಆದಾಳು."

"ಅವರೂ ಒಪ್ಪಬೇಕಲ್ಲ ದೊಡ್ಡಕ್ಕ!" ಎಂದಳು ತಂಗಿ.

ಇಬ್ಬರೂ ನಕ್ಕರು. ನಾನೂ ನಕ್ಕು ಅನ್ನ ಬಡಿಸಿದೆ.

ತಂಗಿ ಸ್ನಾನಕ್ಕೆ ಹೋದಾಗ ಅಕ್ಕ ಅಡಿಗೆಮನೆಗೆ ಬಂದಳು. "ನಾಳೆ ಕಪ್ಪು ಮೂರಕ್ಕೇ ಇಡು. ಅವಳಿಗೆ ಹೇಳುದು ಬೇಡ. ಕೇಳಿದ್ರೆ, ಸೆಕೆಗೆ ತಂತಿ ಇಳೀತು ಅಂತ ಹೇಳು." ಆಯಿತು ಎಂದೆ.

ಮರುದಿನ ಸಂಘದ ಸಭಾಂಗಣದ ಹಿಂದಿನ ಕೋಣೆಯಲ್ಲಿ ಕಾರ್ಯದರ್ಶಿಗಳು, ಧಾರವಾಡದ ಕಡೆಯವರು, ಪರಿಚಯ ಬರೆದುಕೊಳ್ಳುತ್ತಿದ್ದರು. ಅಕ್ಕ ಕಲಿತದ್ದು, ತಂಗಿ ಕಲಿಯುತ್ತಿರುವುದು, ಅಪ್ಪ ಹಾರ್ಮೋನಿಯಂ ನುಡಿಸುತ್ತಿದ್ದ ನಾಟಕದ ಕಂಪನಿ, ಎಲ್ಲವೂ ಆಯಿತು.

"ಹಿಂದ ತಂಬೂರಿಗೆ ಕೂಡೋರ ಹೆಸರೇನ್ರಿ?"

ನಾನು ಬಾಯಿ ತೆರೆದಿದ್ದೆ. ಅಕ್ಕ ಸೆರಗು ಸರಿಮಾಡಿಕೊಳ್ಳುತ್ತಲೇ ಹೇಳಿದಳು: "ಅದೆಲ್ಲ ಬೇಡ ಬಿಡಿ. ಅವಳು ಮನೆಯವಳೇ."

ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದ್ದಿದ್ದರೆ ಇಂದು ನನಗೆ ಸುಲಭವಾಗುತ್ತಿತ್ತು. ಅವರಿಬ್ಬರೂ ಕನ್ನಡಿಯ ಮುಂದೆ ಹೋದಾಗ ನಾನು ಹಾರ್ಮೋನಿಯಂ ಮುಂದೆ ಕೂತೆ. ಬೆರಳು ಬಿಳಿ ಐದನ್ನು ಒತ್ತಿತು. ಬೆರಳು ಎಂದು ಬರೆಯುವುದೂ ಒಂದು ನೆಪವೇ. ನಾನು ಒತ್ತಿದೆ. ನಿಧಾನವಾಗಿ, ತಂತಿ ತಂತಿಯ ಬಿರಡೆಯನ್ನೂ ತಿರುವಿ, ಮಣಿ ಸರಿಸಿ, ತಂಬೂರಿಯನ್ನು ಅದಕ್ಕೇ ಕೂಡಿಸಿದೆ. ನನ್ನ ಜನ್ಮದಲ್ಲೇ ಅಷ್ಟು ಶುದ್ಧವಾಗಿ ಕೂಡಿಸಿರಲಿಲ್ಲ. ಪಿಟೀಲಿನವರು ನನ್ನ ತಂಬೂರಿಗೇ ತಮ್ಮ ತಂತಿ ಹೊಂದಿಸಿಕೊಂಡರು.

ಹಾಡುವವಳಿಗೆ ಗೊತ್ತಾಗದೆ ಇರುತ್ತದೆಯೇ ಎಂದು ಕೇಳಬಹುದು. ಧೈರ್ಯವಿದ್ದ ದಿನ ಗೊತ್ತಾಗುತ್ತದೆ. ಹೆದರಿದವಳು ತಂಬೂರಿಯನ್ನು ದೂರುವುದಿಲ್ಲ, ತನ್ನ ಗಂಟಲನ್ನೇ ದೂರುತ್ತಾಳೆ. ಮೊದಲೆರಡು ಹಾಡು ಹೇಗೋ ದಾಟಿದವು. ದೊಡ್ಡ ರಾಗಕ್ಕೆ ಬಂದಾಗ ಮೇಲಿನ ಗಾಂಧಾರದಲ್ಲಿ ಅಕ್ಕನ ಸ್ವರ ಹಳೆಯ ಬಟ್ಟೆ ಹರಿದ ಹಾಗೆ ಹರಿಯಿತು. ಮತ್ತೆ ಹಿಡಿದಳು, ಮತ್ತೆ ಹರಿಯಿತು. ತಂಗಿ ತಕ್ಷಣ ಆ ಜಾಗವನ್ನು ತಾನು ತುಂಬಿದಳು, ಎಷ್ಟು ಚೆನ್ನಾಗಿ ಎಂದರೆ ಜನ ಚಪ್ಪಾಳೆ ತಟ್ಟಿದರು. ಉಳಿದ ಹೊತ್ತು ಅಕ್ಕ ತೊಡೆಯ ಮೇಲೆ ತಾಳ ಹಾಕುತ್ತಾ ಕೂತಳು. ನಾನು ಹಿಂದಿನಿಂದ ಅವಳ ಬೆನ್ನು ನೋಡುತ್ತಾ ಮೀಟುತ್ತಿದ್ದೆ. ಆಗಲೂ ಇಳಿಸಬಹುದಿತ್ತು, ಎರಡು ಹಾಡುಗಳ ನಡುವೆ ತಂತಿ ಸರಿಮಾಡುವುದು ಯಾರಿಗೂ ಹೊಸದಲ್ಲ. ನಾನು ಇಳಿಸಲಿಲ್ಲ.

ತಂಗಿಯನ್ನು ರೈಲು ಹತ್ತಿಸಲು ಹೌರಾಕ್ಕೆ ಹೋದವಳು ನಾನೇ. ಕಿಟಕಿಯಿಂದ ಅವಳು ಹೇಳಿದಳು: "ಅಪ್ಪನ ಶ್ರುತಿಯಲ್ಲೇ ಇಟ್ಟೆ ನೀನು, ಒಳ್ಳೇದಾಯ್ತು. ದೊಡ್ಡಕ್ಕನಿಗೆ ಮಾತ್ರ ಎಂತ ಆಯ್ತೋ ಪಾಪ." ಮನೆಗೆ ಹೋಗಿ ಆ ಮಾತನ್ನಷ್ಟೇ ಅಕ್ಕನಿಗೆ ದಾಟಿಸಿದ್ದರೆ ಸಾಕಿತ್ತು. ಬಸ್ಸಿನಲ್ಲಿ ಸೇತುವೆ ದಾಟುವಾಗ ಹೇಳಲೇಬೇಕು ಎಂದುಕೊಂಡೆ. ಮೆಟ್ಟಿಲು ಹತ್ತುವ ಹೊತ್ತಿಗೆ, ಅವಳೇ ಕೇಳಲಿ ಎಂದುಕೊಂಡೆ.

ಅಕ್ಕ ಕೇಳಲಿಲ್ಲ. ಹಾಡುವುದನ್ನು ನಿಲ್ಲಿಸಿದಳು. ಸಂಘದವರು ಎರಡು ಸಲ ಬಂದರು. ಮಗು ಚಿಕ್ಕದು ಎಂದಳು. ಮಗು ಮಲಗಿಸುವಾಗಲೂ ಬೆನ್ನು ತಟ್ಟುತ್ತಿದ್ದಳೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಹಾಡಿಲ್ಲದ ಆ ಮನೆಯಲ್ಲಿ ನನಗೂ ಅಡಿಗೆಯ ಹೊರತು ಕೆಲಸ ಉಳಿಯಲಿಲ್ಲ. ಅದನ್ನು ಮಾತ್ರ ನಾನು ಲೆಕ್ಕ ಹಾಕಿರಲಿಲ್ಲ.

ದುರ್ಗಾಪೂಜೆ ಬಂತು. ಕೆಳಗಿನ ಬೀದಿಯಲ್ಲಿ ಢಾಕ್ ಎಂಬ ಡೋಲಿನ ಬಡಿತ ಶುರುವಾಗಿತ್ತು. ಅಕ್ಕ ನನ್ನನ್ನು ಕರೆದು, ಕೆಂಪಂಚಿನ ಒಂದು ಹೊಸ ಸೀರೆ ಕೈಗಿಟ್ಟಳು. ಅಷ್ಟು ಒಳ್ಳೆಯ ಸೀರೆಯನ್ನು ಅವಳು ತನಗೂ ತಂದುಕೊಂಡಿರಲಿಲ್ಲ.

"ಇದು ಎಂತಕ್ಕೆ?"

"ಇರಲಿ. ಅವತ್ತು ನನ್ನ ಮಾನ ಕಾಯ್ಲಿಕ್ಕೆ ನೋಡಿದವಳು ನೀನೊಬ್ಬಳೇ. ಅರ್ಧ ಸ್ವರ ಇಳಿಸಿ ಕೊಟ್ರೂ ನನ್ನಿಂದ ಆಗ್ಲಿಲ್ಲ, ನೀನೆಂತ ಮಾಡುದು?"

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ದೇವರೂ ಕೊಡಲಾರ. ನಾನು ಸೀರೆಯ ಮಡಿಕೆ ಬಿಚ್ಚಿ, ಸೆರಗು ಚೆನ್ನಾಗಿದೆ ಎಂದೆ. ಅಷ್ಟಮಿಯ ದಿನ ಅದನ್ನೇ ಉಟ್ಟು ಅವಳ ಜೊತೆ ಪೆಂಡಾಲಿಗೆ ಹೋದೆ. ದಾರಿಯಲ್ಲಿ ಸಿಕ್ಕಿದ ಸಂಘದ ಹೆಂಗಸರಿಗೆ ಅಕ್ಕ ನನ್ನ ಹೆಸರು ಹೇಳಿ ಪರಿಚಯಿಸಿದಳು.