ಹೆದ್ದಾರಿಯ ನಕ್ಷೆಯಲ್ಲಿ ಕಾಣದ ಬುಟ್ಟಿಗಳು

ಅಂಕೋಲೆಯ ಹೆದ್ದಾರಿ ಬದಿಯ ಗೋಳಿಮರದಡಿ ತರಕಾರಿ ಮಾರುವ ಹೆಂಗಸರನ್ನು ಎಬ್ಬಿಸಿ, ಬೇಲಿ ಹಾಕಿ ಹೂಗಿಡ ನೆಡುವುದು ಅನ್ಯಾಯ. ಗೆಳೆಯರೇ, ಇವತ್ತು ಬೆಳಿಗ್ಗೆ ಇದನ್ನು ಆ ಬೇಲಿಯ ನಕ್ಷೆ ಬರೆದವರ ಎದುರೇ ಹೇಳಿದೆ.

ಅವರು ಮೂವತ್ತು ವರ್ಷಗಳಿಂದ ರಸ್ತೆ ಬದಿಯ ಗಿಡಮರ, ನೆರಳುಗಳನ್ನೇ ವಿನ್ಯಾಸ ಮಾಡುತ್ತ ಬಂದ ಹಿರಿಯ ಹೆಂಗಸು. ಬೇಲಿಗೆ ಗೂಟ ಹೊಡೆಸಲು ಬಂದಿದ್ದರು. ಬೀದಿ ವ್ಯಾಪಾರಿಗಳ ಹಕ್ಕಿನ ಬಗ್ಗೆ ಕರಪತ್ರಗಳಲ್ಲಿ ಓದಿದ್ದನ್ನೆಲ್ಲ ನಾನು ಒದರಿದೆ.

"ಎರಡು ಸಲ ಬಂದು ನೋಡಿದ್ದೇನೆ, ಇಲ್ಲಿ ಯಾರೂ ಇರಲಿಲ್ಲ. ಇವರು ಹೊಸಬರಲ್ಲವೇ?" ಎಂದರು.

ಬುಟ್ಟಿಯ ಮುಂದೆ ಕೂತು ಬಸಳೆ ಸೊಪ್ಪಿನ ಸೂಡಿ ಕಟ್ಟುತ್ತಿದ್ದ ಮಾದೇವಕ್ಕ ತಲೆಯೆತ್ತದೆ ಕೇಳಿದಳು: "ಎಷ್ಟ್ ಗಂಟಿಗೆ ಬಂದಿದ್ರಿ ಅಕ್ಕೋರೆ?"

"ಕಾರವಾರದಿಂದ ಬರುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು."

"ಅಷ್ಟೊತ್ತಿಗೆ ಬುಟ್ಟಿ ಖಾಲಿ ಮಾಡ್ಕಂಡು ಮನೀಲಿ ಗಂಜಿ ಉಣ್ತಿರ್ತೇವೆ. ನೀವ್ ಬೆಳಿಗ್ಗೆ ಬಂದಿದ್ರೆ ಈ ತಮ್ಮ ಇಷ್ಟೆಲ್ಲ ಕೂಗೂದೇ ಬೇಡಾಗಿತ್ತು."

ಅವರು ನಕ್ಷೆ ಬಿಚ್ಚಿ, ಮರದ ಸುತ್ತಲಿನ ಬೇಲಿಯ ಗೆರೆಯನ್ನು ಹೊಡೆದುಹಾಕಿ ಸಹಿ ಮಾಡಿದರು. ಹೊಡೆದಿದ್ದ ಗೂಟಗಳನ್ನೂ ಕೀಳಿಸಿದರು. ನನಗೆ ಎದೆ ಹಗುರಾಯಿತು. ಭಾಷಣ ಮಾತ್ರ ಅರ್ಧ ಉಳಿದುಹೋಯಿತು.

ಯಾರ ಬುಟ್ಟಿ ಎಲ್ಲಿರುತ್ತದೆಂದು ಬರೆದುಕೊಳ್ಳಲು ಅವರು ಮತ್ತೆ ಬರುತ್ತಾರೆ. ನೀವೂ ಬನ್ನಿ. ಸೋಮವಾರ ಬೆಳಿಗ್ಗೆ ಏಳಕ್ಕೆ, ಅದೇ ಮರದಡಿ. ಮಧ್ಯಾಹ್ನ ಬಂದರೆ ಯಾರೂ ಸಿಗುವುದಿಲ್ಲ.