ಹಿಮದ ಕೆಳಗಿನ ಮೀನಿಗೆ ಅಪ್ಪ ಮಾಡಿದ ಗಾಳ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುತ್ತಿರಲಿಲ್ಲ. ಆದರೂ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಮನೆಮಂದಿಯೆಲ್ಲ ಸೇರಿ ಮೀನು ಹಿಡಿಯುವ ಗಾಳ ಮಾಡಿದೆವು. ಆ ದಿನ ಈಗಲೂ ನನಗೆ ಚೆನ್ನಾಗಿ ನೆನಪಿದೆ.

ಆಗ ನಾವು ಅಡಿಲೇಡ್‌ನಲ್ಲಿದ್ದೆವು. ಅಪ್ಪ ಮೈಸೂರಿನಿಂದ ಬಂದ ಎಂಜಿನಿಯರ್. ದೊಡ್ಡ ದೊಡ್ಡ ಜನರೇಟರ್‌ಗಳನ್ನು ರಿಪೇರಿ ಮಾಡುವುದು ಅವರ ಕೆಲಸ. ಆ ವರ್ಷ ಅವರು ಅಂಟಾರ್ಕ್ಟಿಕಾದ ಸಂಶೋಧನಾ ಕೇಂದ್ರವೊಂದಕ್ಕೆ ಹೊರಟಿದ್ದರು. ಹಡಗಿನಲ್ಲಿ ಹೋಗಿ, ಬೇಸಿಗೆ ಮುಗಿಯುವವರೆಗೆ ಅಲ್ಲಿದ್ದು, ಹಡಗಿನಲ್ಲೇ ವಾಪಸು ಬರಬೇಕು. ಬೇಸಿಗೆ ಅಂದರೆ ನಮ್ಮಂಥ ಬಿಸಿಲಿನ ಬೇಸಿಗೆಯಲ್ಲ. ಅಲ್ಲಿ ಆಗಲೂ ಸಮುದ್ರದ ನೀರು ಗಟ್ಟಿಯಾಗಿ, ಮೇಲೆ ಲಾರಿ ಓಡಿಸುವಷ್ಟು ದಪ್ಪ ಹಿಮ ಕಟ್ಟಿರುತ್ತಿತ್ತಂತೆ.

ಅಪ್ಪನ ಜೊತೆ ಹೋಗಲಿದ್ದ ವಿಜ್ಞಾನಿ ಅಂಕಲ್ ಒಬ್ಬರು ಒಂದು ಸಂಜೆ ನಮ್ಮ ಮನೆಗೆ ಕಾಫಿಗೆ ಬಂದಿದ್ದರು. ಹಿಮದಲ್ಲಿ ತೂತು ಕೊರೆದು, ಅದರೊಳಗೆ ದಾರ ಇಳಿಬಿಟ್ಟು, ಕೆಳಗಿನ ಮೀನನ್ನು ಹಿಡಿದು ಅಧ್ಯಯನ ಮಾಡುವುದು ಅವರ ಕೆಲಸ. ದಾರದ ತುದಿಗೆ ಕಟ್ಟುವ ಗಾಳಕ್ಕೆ ಜಿಗ್ ಅನ್ನುತ್ತಾರೆ. ಪುಟ್ಟ ಮೀನಿನ ಆಕಾರದ ಲೋಹದ ತುಂಡು, ಅದರ ಬಾಲದಲ್ಲಿ ಒಂದು ಕೊಕ್ಕೆ. ದಾರವನ್ನು ಎತ್ತಿ ಇಳಿಸಿ ಕುಣಿಸಿದರೆ ಅದು ಜೀವವಿದ್ದ ಹಾಗೆ ಮಿನುಗುತ್ತದೆ, ಮೀನು ಮೋಸಹೋಗುತ್ತದೆ.

"ಅಂಗಡೀಲಿ ತಂದಿದ್ದೆಲ್ಲ ಆ ಚಳಿಗೆ ಪಟಪಟ ಮುರಿದುಹೋಯ್ತು," ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಹೇಳಿದರು. ಒಮ್ಮೆ ಜಿಗ್ ಮುರಿದು ಮೀನು ಜಾರಿದಾಗ ಆ ಅಂಕಲ್ ಬೋರಲು ಮಲಗಿ ತೂತಿನೊಳಗೆ ಕೈ ಹಾಕಿದರಂತೆ. ಅಂಚಿನ ಹಿಮ ಕುಸಿದು ಭುಜದವರೆಗೂ ನೀರಿಗೆ ಹೋದರಂತೆ. ಪಕ್ಕದಲ್ಲಿದ್ದವರು ಕಾಲು ಹಿಡಿದು ಎಳೆದರಂತೆ. ಅಂಕಲ್ ಇದನ್ನು ನಗುನಗುತ್ತಾ ಹೇಳಿದರು. ಅಪ್ಪನೂ ನಕ್ಕರು. ಗಟ್ಟಿ ಜಿಗ್‌ಗಳನ್ನು ನಾನೇ ಮಾಡಿ ತರುತ್ತೇನೆ, ಬಿಡುವಾದಾಗ ಮೀನು ಹಿಡಿಯಲೂ ಜೊತೆಗೆ ಬರುತ್ತೇನೆ ಎಂದು ಒಪ್ಪಿಕೊಂಡರು. ನನ್ನ ಮುಖವನ್ನು ಯಾರೂ ನೋಡಲಿಲ್ಲ.

ಅವತ್ತಿನಿಂದ ಕಣ್ಣು ಮುಚ್ಚಿದರೆ ಸಾಕು, ಬಿಳಿ ನೆಲದಲ್ಲೊಂದು ಕಪ್ಪು ತೂತು ಕಾಣುತ್ತಿತ್ತು. ಅದರ ಪಕ್ಕದಲ್ಲಿ ಅಪ್ಪ ಬೋರಲು ಮಲಗಿರುತ್ತಿದ್ದರು. ಜಿಗ್ ಮುರಿದರೆ ಅಪ್ಪ ಕೈ ಹಾಕುತ್ತಾರೆ, ಕೈ ಹಾಕಿದರೆ ಹಿಮ ಕುಸಿಯುತ್ತದೆ. ನನ್ನ ಲೆಕ್ಕ ಅಷ್ಟೇ.

ಹೊರಡುವ ಹಿಂದಿನ ದಿನ ಅಪ್ಪ ಹಿತ್ತಲಿನ ಶೆಡ್ಡಿನಲ್ಲಿ ಕೆಲಸಕ್ಕೆ ಕುಳಿತರು. ಹೊರಗೆ ಒಣಬಿಸಿಲು, ಮುಖಕ್ಕೆ ಮುತ್ತುವ ನೊಣಗಳು. ತಗಡಿನ ಛಾವಣಿ ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಅಪ್ಪ ಹಿತ್ತಾಳೆ ಪಟ್ಟಿಯನ್ನು ಕತ್ತರಿಸಿ, ಅರದಿಂದ ಉಜ್ಜಿ ಮೀನಿನ ಆಕಾರ ಕೊಟ್ಟು, ಬಾಲದ ಕಡೆ ಮಡಚಿ ಅದರೊಳಗೆ ಕೊಕ್ಕೆಯ ಕಾಲು ಕೂರಿಸಿ ಬೆಸುಗೆ ಹಾಕುತ್ತಿದ್ದರು. ಬೆಸುಗೆಯ ಹೊಗೆ ಗಂಟಲಿಗೆ ಖಾರವಾಗಿ ತಾಗುತ್ತಿತ್ತು. ಅಕ್ಕ ಬಾಗಿಲ ಬಳಿ ಕುಳಿತು ಹುಣಸೆಹಣ್ಣು ಹಚ್ಚಿ ಒಂದೊಂದನ್ನೇ ತಿಕ್ಕುತ್ತಿದ್ದಳು. ಹುಣಸೆಹಣ್ಣು ಆಗ ಅಡಿಲೇಡ್‌ನಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಅಮ್ಮ ಒಳಗಿನಿಂದಲೇ, "ರೀ, ಸಾರಿಗಾದ್ರೂ ಒಂದಿಷ್ಟು ಉಳಿಸ್ರೀ," ಎಂದರು. ಆದರೆ ಅವರ ದನಿಯಲ್ಲಿ ಕೋಪವಿರಲಿಲ್ಲ. ಬೆಳಗಿನಿಂದ ಅವರು ಅಪ್ಪನ ಒಂದೇ ಸ್ವೆಟರನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು ಮಾಡುತ್ತಿದ್ದರು.

"ಅಪ್ಪ, ಇದು ಚಳಿಗೆ ಮುರಿಯಲ್ಲ ಅಲ್ವಾ?" ಎಂದು ಕೇಳಿದೆ.

"ಇಲ್ಲ ಪುಟ್ಟಿ."

"ಹೇಗೆ ಗೊತ್ತು?"

ಅಪ್ಪ ಬೆಸುಗೆಯ ಕಡ್ಡಿಯಿಂದ ಕಣ್ಣು ಎತ್ತದೆ ಮುಂದಿನ ಜಿಗ್ ಕೈಗೆತ್ತಿಕೊಂಡರು. ಅಕ್ಕ ನನ್ನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಮುಗಿದಿದ್ದ ಜಿಗ್ ಒಂದನ್ನು ಎತ್ತಿಕೊಂಡು, "ಬಾ, ಫ್ರೀಜರ್‌ನಲ್ಲಿ ಇಡೋಣ. ದಿಸ್ ಆರ್ವೋ ತೆಗೆದು ಟೆಸ್ಟ್ ಮಾಡೋಣ," ಎಂದಳು. ಆರ್ವೋ ಅಂದರೆ ಅಲ್ಲಿನವರ ಮಾತಿನಲ್ಲಿ ಮಧ್ಯಾಹ್ನ. ಐಸ್ ಟ್ರೇ ಮತ್ತು ಬಟಾಣಿ ಪೊಟ್ಟಣದ ನಡುವೆ ಅದನ್ನು ಇಟ್ಟೆವು.

ಮಧ್ಯಾಹ್ನ ಊಟದ ನಡುವೆ ಎದ್ದು ಹೋಗಿ ಫ್ರೀಜರ್ ತೆರೆದು ನೋಡಿದೆ. ಊಟವಾದ ಮೇಲೆ ಅಕ್ಕ ಆ ಜಿಗ್ಗನ್ನು ಹೊರತೆಗೆದಳು. ಅದರ ಮೇಲೆ ಬೂದಿ ಉದುರಿಸಿದ ಹಾಗೆ ಮಂಜು ಕೂತಿತ್ತು, ಮುಟ್ಟಿದರೆ ಬೆರಳು ಅಂಟಿಕೊಳ್ಳುತ್ತಿತ್ತು. ಹಿತ್ತಲಿನ ನಿಂಬೆ ಮರದ ಕೊಂಬೆಗೆ ದಾರದಿಂದ ಅದನ್ನು ಕಟ್ಟಿ, ಕೊಕ್ಕೆಗೆ ನೀರು ತುಂಬಿದ ಬಕೆಟ್ ತೂಗುಹಾಕಿದೆವು. ಬಕೆಟ್ ನಿಂತಿತು. ನಾನು ಉಸಿರು ಬಿಟ್ಟೆ. ಅಕ್ಕ ಅಷ್ಟಕ್ಕೆ ಬಿಡಲಿಲ್ಲ. "ಮೀನು ಸುಮ್ನೆ ನೇತಾಡುತ್ತಾ? ಎಳೆಯುತ್ತೆ ಕಣೇ," ಎಂದು ನನ್ನನ್ನು ದೂರ ನಿಲ್ಲಿಸಿ, ಉದ್ದನೆಯ ಕೋಲಿನಿಂದ ಬಕೆಟ್ಟನ್ನು ಜಗ್ಗಿದಳು.

ಟಕ್ ಎಂದಿತು. ಕೊಕ್ಕೆ ಕಿತ್ತುಬಂದು ಬಕೆಟ್ ದಡಾರೆಂದು ಬಿತ್ತು. ನೀರು ಒಣನೆಲದ ಮೇಲೆ ಕಪ್ಪಗೆ ಹರಡಿತು. ನಾನು ಕಿರುಚಿಬಿಟ್ಟೆ. ಅಪ್ಪ ಬರಿಗಾಲಲ್ಲೇ ಓಡಿ ಬಂದರು. ಅಮ್ಮ ಸ್ವೆಟರ್ ಹಿಡಿದುಕೊಂಡೇ ಬಂದರು.

"ಹೋಗ್ಬೇಡಿ ಅಪ್ಪ! ಮುರಿದುಹೋಯ್ತು. ನೀವು ಕೈ ಹಾಕ್ತೀರ, ಒಳಗೆ ಬಿದ್ದುಬಿಡ್ತೀರ," ಎಂದು ಅವರ ಷರಟು ಹಿಡಿದುಕೊಂಡು ಅತ್ತೆ.

ಅಪ್ಪನಿಗೆ ಆಗ ಅರ್ಥವಾಯಿತು. ಅವರು ನಗಲಿಲ್ಲ, ಗದರಲೂ ಇಲ್ಲ. ಒದ್ದೆ ನೆಲದಲ್ಲೇ ಕುಕ್ಕರಗಾಲಲ್ಲಿ ಕುಳಿತು, ಕಿತ್ತುಬಂದ ಜಾಗವನ್ನು ಉಗುರಿನಿಂದ ಕೆರೆದು ನೋಡಿದರು. "ಬರೀ ಬೆಸುಗೆ ನಂಬಿದ್ದು ತಪ್ಪಾಯ್ತು. ಚಳಿಗೆ ಬಿರುಕು ಬಿಟ್ಟಿದೆ," ಎಂದರು. ಆ ಜಿಗ್ಗನ್ನು ನನ್ನ ಕೈಗೆ ಕೊಟ್ಟು, "ಎಲ್ಲಾನೂ ಬಿಚ್ಚಿ ಮತ್ತೆ ಮಾಡ್ತೀನಿ. ಒಂದೊಂದನ್ನೂ ನೀನೇ ಟೆಸ್ಟ್ ಮಾಡು. ನೀನು ಒಪ್ಪದೇ ಇದ್ದದ್ದು ಪೆಟ್ಟಿಗೆಗೆ ಹೋಗಲ್ಲ," ಎಂದರು.

ಆ ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು. ಅಪ್ಪ ಪ್ರತಿ ಜಿಗ್ಗಿನ ಬಾಲದಲ್ಲಿ ತೂತು ಕೊರೆದರು. ಕೊಕ್ಕೆಯ ಕಾಲನ್ನು ಅದರಲ್ಲಿ ತೂರಿಸಿ, ಹಿತ್ತಾಳೆ ತಂತಿಯನ್ನು ಇಕ್ಕಳದಿಂದ ಬಿಗಿಯಾಗಿ ಸುತ್ತಿ, ಅದರ ಮೇಲೆ ಬೆಸುಗೆ ಹಾಕಿದರು. ಬೆಸುಗೆ ಬಿಟ್ಟರೂ ತಂತಿ ಹಿಡಿದುಕೊಳ್ಳಬೇಕು. ಅಕ್ಕ ಅವನ್ನು ಫ್ರೀಜರ್‌ಗೆ ಇಟ್ಟು ತೆಗೆದು ಓಡಾಡಿದಳು. ಅಮ್ಮ ಬಕೆಟ್ ತುಂಬಿದರು. ನಾನು ಕೋಲು ಹಿಡಿದು ನನ್ನ ಶಕ್ತಿಯೆಲ್ಲ ಹಾಕಿ ಜಗ್ಗಿದೆ. ಪ್ರತಿ ಸಲವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಒಂದರ ಕೊಕ್ಕೆ ಅಲುಗಾಡಿತು. ಅಪ್ಪ ಅದನ್ನು ಪಕ್ಕಕ್ಕೆ ಎಸೆದರು. ಉಳಿದವು ಗಟ್ಟಿಯಾಗಿ ನಿಂತವು.

ಕೊನೆಯದನ್ನು ಹಳೇ ಬನಿಯನ್ ಬಟ್ಟೆಯಲ್ಲಿ ಸುತ್ತುವಾಗ ನಾನು ಕೇಳಿದೆ: "ಆದರೂ ಮುರಿದರೆ?"

"ಮೀನು ಹೋಗಲಿ ಅಂತ ಬಿಟ್ಟು ಹಿಂದೆ ಸರೀತೀನಿ. ಕೈ ಹಾಕಲ್ಲ," ಎಂದರು ಅಪ್ಪ.

ಮರುದಿನ ಬೆಳಿಗ್ಗೆ ಅಪ್ಪ ಹಡಗು ಹೊರಡುವ ಬಂದರಿಗೆ ರೈಲು ಹತ್ತಿದರು. ಆಮೇಲೆ ಬರೀ ಕಾಯುವುದು. ಅಲ್ಲಿಗೆ ಫೋನ್ ಇರಲಿಲ್ಲ. ಯಾವಾಗಲೋ ಒಮ್ಮೆ ತಂತಿ ಸಂದೇಶ ಬರುತ್ತಿತ್ತು, ಅದರಲ್ಲಿ "ಚೆನ್ನಾಗಿದ್ದೇನೆ" ಅನ್ನುವುದಷ್ಟೇ ಇರುತ್ತಿತ್ತು. ಅದು ಬಂದ ದಿನ ಅಮ್ಮ ಹಾಡಿಕೊಂಡು ಅಡುಗೆ ಮಾಡುತ್ತಿದ್ದರು. ಆದರೆ ಅದನ್ನು ಕಳಿಸಿದ ಮೇಲೆ ಅಪ್ಪ ಎಲ್ಲಿ ಕಾಲಿಟ್ಟರೋ ಎಂದು ನನಗೆ ಮಾರನೆಯ ದಿನದಿಂದಲೇ ಮತ್ತೆ ಭಯ ಶುರುವಾಗುತ್ತಿತ್ತು.

ಬೇಸಿಗೆ ಕಳೆದು ಅಪ್ಪ ಬಂದರು. ಗಡ್ಡ ಬೆಳೆದಿತ್ತು, ಕೆನ್ನೆಯ ಚರ್ಮ ಸುಲಿದಿತ್ತು. ನಾನು ಮೊದಲು ಅವರ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅಪ್ಪ ತಾವಾಗಿಯೇ ಹೇಳಿದರು: ಜಿಗ್‌ಗಳು ಮುರಿಯಲೇ ಇಲ್ಲ. ಆದರೆ ಒಂದು ದಿನ ದಾರವೇ ತುಂಡಾಯಿತಂತೆ. ಮೀನು ತೂತಿನ ಬಾಯಲ್ಲೇ ಹೊರಳುತ್ತಿತ್ತು, ಕೈಗೆ ಎಟುಕುವಷ್ಟು ಹತ್ತಿರ. "ಮಂಡಿಯೂರಿಬಿಟ್ಟಿದ್ದೆ ಪುಟ್ಟಿ. ನೀನು ಷರಟು ಹಿಡಿದು ಎಳೆದ ಹಾಗಾಯ್ತು. ಎದ್ದು ಹಿಂದೆ ಬಂದೆ," ಎಂದರು.

ಮಕ್ಕಳೇ, ನೀವೀಗ ಬ್ರಿಸ್ಬೇನ್‌ನ ರನ್‌ಕಾರ್ನ್‌ನಲ್ಲಿದ್ದೀರಿ. ನಿಮ್ಮಪ್ಪ ವಿಮಾನದಲ್ಲಿ ಪರ್ತ್‌ಗೆ ಹೋಗಿ, ಅಲ್ಲಿಂದಾಚೆ ಗಣಿಯಲ್ಲಿ ವಾರಗಟ್ಟಲೆ ಕೆಲಸ ಮಾಡಿ ಬರುತ್ತಾರೆ. ದಿನಾ ಸಂಜೆ ಫೋನಿನಲ್ಲಿ ಅವರ ಮುಖ ನೋಡುತ್ತೀರಿ. ಅವರು ಏನು ತಿಂದರು, ಯಾವ ಷರಟು ಹಾಕಿದ್ದಾರೆ ಎಲ್ಲವೂ ನಿಮಗೆ ಗೊತ್ತು. ಅವರ ವಿಮಾನ ಫೋನಿನ ನಕ್ಷೆಯ ಮೇಲೆ ಇರುವೆಯಂತೆ ಹರಿದು ಬರುವುದೂ ಕಾಣುತ್ತದೆ. ನಮಗೆ ಇದೇನೂ ಇರಲಿಲ್ಲ. ನಿಮಗೆ ನನ್ನಂಥ ಭಯ ಇರಲಾರದು ಎಂದುಕೊಂಡಿದ್ದೆ.

ಮೊನ್ನೆ ಆ ನಕ್ಷೆಯಲ್ಲಿ ವಿಮಾನ ಮರುಭೂಮಿಯ ಮೇಲೆ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ನಿಮ್ಮಲ್ಲಿ ಚಿಕ್ಕವಳು ತುತ್ತನ್ನು ಬಾಯಲ್ಲೇ ಇಟ್ಟುಕೊಂಡು, "ಅಜ್ಜಿ, ವೈ ಇಸ್ ಇಟ್ ನಾಟ್ ಮೂವಿಂಗ್?" ಎಂದಳು. ನೆಟ್ ನಿಧಾನವಾಗಿದೆ ಎಂದು ನನಗೆ ಗೊತ್ತಿತ್ತು. ಆದರೂ ಒಲೆ ಆರಿಸಿ ಬಂದು ಅವಳ ಪಕ್ಕದಲ್ಲಿ ಕುಳಿತೆ. ಅದು ಮತ್ತೆ ಹರಿಯಲು ಶುರುವಾಗುವವರೆಗೆ ಇಬ್ಬರೂ ಅದನ್ನೇ ನೋಡುತ್ತಿದ್ದೆವು.