ಬೋಳು ಕಾರಿಗೆ ನಾನು ಕೂರಿಸಿದ ಕ್ಯಾರಿಯರ್

ನಾನು ಹಾಕಿದ ವೆಲ್ಡಿಂಗ್ ಬಿಚ್ಚಿಕೊಂಡ ದಾಖಲೆ ಬೆಟಗೇರಿಯಲ್ಲಿಲ್ಲ. ಲಕ್ಷ್ಮೇಶ್ವರದ ಒಬ್ಬರ ಟ್ರೇಲರ್ ಹಳ್ಳಕ್ಕೆ ಉರುಳಿ ತಗಡೆಲ್ಲ ಮುದ್ದೆಯಾದರೂ ನಾನು ಕೂಡಿಸಿದ ಮೂಲೆಗಳು ಮಾತ್ರ ಹಾಗೇ ಇದ್ದವು. ಅವರು ಅದನ್ನು ಹೇಳಲೆಂದೇ ಪೇಢೆ ಹಿಡಿದುಕೊಂಡು ಬಂದಿದ್ದರು. ಈ ಕಥೆಯನ್ನು ನನ್ನ ಬಾಯಲ್ಲಿ ಕೇಳದವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ಈಚೆಗೆ ಹೇಳುವುದನ್ನು ಬಿಟ್ಟಿದ್ದೇನೆ.

ನನ್ನ ಗೆಳೆಯ ನೇಕಾರ. ಚಡ್ಡಿ ಹಾಕುತ್ತಿದ್ದ ಕಾಲದಿಂದ ಅವನನ್ನು ಮಂಗ ಮಾಡುವುದು ನನ್ನ ಕಸುಬು. ವೆಲ್ಡಿಂಗ್ ಆಮೇಲೆ ಬಂದದ್ದು. ಮೊಣಕಾಲು ಸೋತು ಮಗ್ಗದಿಂದ ಎದ್ದವನು ಒಂದು ದಿನ, ಕರೆಂಟಿನ ಕಾರು ತಗೊಳ್ಳುತ್ತೇನೆ ಅಂದ. ನನಗೆ ಚಹಾ ನೆತ್ತಿಗೇರಿತು. ಆದರೆ ಅವನಿಗೆ ಕಾರಣ ಇತ್ತು. ಡೋಣಿಯಲ್ಲಿದ್ದ ಅವನ ಅಕ್ಕನಿಗೆ ಉಬ್ಬಸ. ತಾಯಿಯಿಲ್ಲದ ತಮ್ಮನನ್ನು ಸಾಕಿದ ಅಕ್ಕ. ಪ್ರತಿ ಗುರುವಾರ ಅವಳನ್ನು ಮುಂಡರಗಿಯ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಬಸ್ಸಿರಲಿ, ಟಂಟಂ ಆಟೋ ಇರಲಿ, ಹೊಗೆಯ ವಾಸನೆ ಬಂದರೆ ಸಾಕು, ಅವಳ ಎದೆ ಕಟ್ಟುತ್ತಿತ್ತು. ಹೊಗೆ ಬಿಡದ ಗಾಡಿಯೇ ಬೇಕಿತ್ತು.

ಹುಬ್ಬಳ್ಳಿಯ ದಲ್ಲಾಳಿಯ ಅಂಗಳಕ್ಕೆ ನಾನೂ ಹೋದೆ, ದೊಡ್ಡ ಪರಿಣತನಂತೆ. ಅಲ್ಲಿದ್ದ ಕರೆಂಟಿನ ಕಾರು ಎರಡೇ. ಒಂದು ಎತ್ತರದ್ದು, ಅಗಲ ಗಾಲಿ, ಎದೆ ಉಬ್ಬಿಸಿ ನಿಂತ ಪೈಲ್ವಾನನಂಥದ್ದು. ಇನ್ನೊಂದು ಗಿಡ್ಡದ್ದು, ಸಣ್ಣ ಗಾಲಿ, ಮೈಯೆಲ್ಲ ನುಣುಪು. ಎರಡೂ ಯಾರೋ ಓಡಿಸಿ ಬಿಟ್ಟವು, ಬೆಲೆಯೂ ಹೆಚ್ಚುಕಡಿಮೆ ಒಂದೇ. ದೊಡ್ಡ ಬ್ಯಾಟರಿಯ ಹೊಸ ಗಾಡಿಗಳು ನಮ್ಮಂಥವರ ಕೈಗೆ ನಿಲುಕುವಂಥವಲ್ಲ. ಗೆಳೆಯ ಗಿಡ್ಡ ಕಾರಿನ ನೆತ್ತಿ ಸವರಿದ, ಗಂಜಿ ಕುಡಿದು ನುಣುಪಾದ ಮಗ್ಗದ ಹಾಸು ನೂಲನ್ನು ಸವರುವ ಹಾಗೆ.

"ಇದೇನಲೇ, ಬೋಳ ತಲಿ ಇದ್ದಂಗ ಐತಿ," ಅಂದೆ. "ಆ ಎತ್ತರದ್ದು ತಗೋ. ಓಣ್ಯಾಗ ಬಂದ್ರ ಮಂದಿ ಹೊರಗ ಬಂದು ನೋಡಬೇಕು."

"ನೋಡಾಕ ಅಲ್ಲಲೇ ತಗೊಳ್ಳೂದು. ಎತ್ತರ ಮೈ ಗಾಳಿ ಹಿಡಿತೈತಿ, ಅಗಲ ಗಾಲಿ ನೆಲಾ ಹಿಡಿತೈತಿ. ಇದು ಎರಡಕ್ಕೂ ಸಿಗದಂಗ ಜಾರಿ ಹೋಗತೈತಿ. ಇದ್ದ ಕರೆಂಟಿನ್ಯಾಗ ನಾನು ಅಕ್ಕನ್ನ ಕರಕೊಂಡು ಹೋಗಿ ಬರಬೇಕು."

"ಗಾಳಿ ಜಾರಾಕ ಅದಕ್ಕೇನು ಎಣ್ಣಿ ಹಚ್ಚ್ಯಾರೇನು?"

"ಹಚ್ಚ್ಯಾರ. ನಿನ್ನ ತಲಿಗೆ ಹಚ್ಚೂದು ಮರತಾರ."

ಅವನ ಲೆಕ್ಕ ಸರಿಯಿತ್ತು. ಡೋಣಿ, ಅಲ್ಲಿಂದ ಮುಂಡರಗಿ, ತಿರುಗಿ ಡೋಣಿ, ಆಮೇಲೆ ಬೆಟಗೇರಿ: ಹಳೆಯ ಬ್ಯಾಟರಿ ಇಷ್ಟನ್ನೂ ಮುಗಿಸಿ ಸ್ವಲ್ಪ ಉಳಿಸಿಕೊಳ್ಳುತ್ತಿತ್ತು. ಅಕ್ಕನ ಮನೆಯಲ್ಲಿ ಚಾರ್ಜಿಗೆ ಹಾಕಿದರೆ ಫ್ಯೂಸ್ ಹಾರುತ್ತಿದ್ದುದರಿಂದ ಆ ಸ್ವಲ್ಪವೇ ಅವನ ಧೈರ್ಯ.

ನಾನು ಸುಮ್ಮನಿರುವವನೇ? ಬೇಸಿಗೆಯಲ್ಲಿ ಕಾರಿನ ಎಸಿ ನೀರು ಕೆಳಗೆ ತೊಟ್ಟಿಕ್ಕುವುದನ್ನು ತೋರಿಸಿ, "ಕರೆಂಟು ಸೋರಾಕ್ಹತ್ತೇತಿ, ಬಕೇಟ್ ಇಡು," ಅಂದೆ. ಅವನು ನಾಲ್ಕು ದಿನ ಬಕೆಟ್ ಇಟ್ಟ. ಓಣಿಗೆಲ್ಲ ಹೇಳಿಕೊಂಡು ನಕ್ಕೆ. ಐದನೆಯ ದಿನ ಅವನ ಹೆಂಡತಿ ಹೇಳಿದಳು, "ಆ ನೀರು ತುಳಸಿಗಿಡಕ್ಕ ಹಾಕಾಕ ಇಡತಾರ್ರೀ ಅಣ್ಣಾರ. ನೀವು ನಕ್ಕೊಂಡು ಹೋಗೂದು ನೋಡಿದ್ರ ಅವರಿಗೆ ಖುಷಿ." ಅವನ ಸ್ವಭಾವ ಆವತ್ತೇ ನನಗೆ ತಿಳಿಯಬೇಕಿತ್ತು.

ಆಮೇಲೆ ಆ ಬೋಳು ನೆತ್ತಿಗೆ ಒಂದು ಕ್ಯಾರಿಯರ್ ಮಾಡಿಕೊಟ್ಟೆ. ದಪ್ಪ ಪೈಪು, ಅಡ್ಡಪಟ್ಟಿ, ಮುಂದೆ ಸೂರ್ಯನ ಕಿರಣದಂಥ ಕೆತ್ತನೆ. ನಾಲ್ಕು ಕಾಲು, ನಾಲ್ಕು ನಟ್ಟು. ಹೇಳದೆ ಕೇಳದೆ ತಂದು ಕೂರಿಸಿದೆ. ಅವನು ಸುತ್ತ ತಿರುಗಿ ನೋಡಿ, "ಚಲೋ ಆಗೇತಿ ಬಿಡು," ಅಂದ.

ಮೊದಲ ಗುರುವಾರ ಮುಗಿಸಿ ಬಂದವನು, "ಮನಿ ಮುಟ್ಟೂದ್ರಾಗ ಬ್ಯಾಟರಿ ತಳಾ ಕಂಡಿತ್ತಲೇ," ಅಂದ.

"ನಿಂಗ ಹೊಡಿಯಾಕ ಬರೂದಿಲ್ಲ. ಮಗ್ಗಾ ತುಳದಂಗ ತುಳಿತಿ," ಅಂದೆ.

ಮುಂದಿನ ವಾರದಿಂದ ಅವನು ದೂರಲೇ ಇಲ್ಲ. ನೋಡಿದೆಯಾ, ನಾನು ಹೇಳಿದ ಮೇಲೆ ಕಲಿತೆ ಎಂದು ಮೀಸೆ ತಿರುವಿದೆ. ಹೌದು ಎಂದು ತಲೆಯಾಡಿಸಿದ.

ಆಷಾಢದಲ್ಲಿ ಒಂದು ದಿನ ಕಾರನ್ನು ನನ್ನ ಅಂಗಳದಲ್ಲಿ ಬಿಟ್ಟು ಕ್ಷೌರಕ್ಕೆ ಹೋದ. ನೋಡುತ್ತೇನೆ, ಕ್ಯಾರಿಯರಿನ ನಟ್ಟುಗಳ ಮೂಲೆ ಸವೆದಿವೆ, ಒಂದು ಸಡಿಲಾಗಿದೆ. ನಾನು ಮಾಡಿದ್ದು ಸಡಿಲಾಗುವುದೇ! ಒದ್ದೆ ಗೋಣಿಚೀಲ ಹೊದಿಸಿ, ಕಾರಿಗೆ ಕಿಡಿ ಸೋಕದಂತೆ, ನಾಲ್ಕೂ ನಟ್ಟಿಗೆ ವೆಲ್ಡಿಂಗ್ ಹೊಡೆದೆ. ಮೇಲೆ ಬಣ್ಣ ಬಳಿದೆ. ಅವನಿಗೆ ಹೇಳಲಿಲ್ಲ. ಇನ್ನು ಯಾರು ಬಿಚ್ಚುತ್ತಾರೋ ನೋಡೋಣ ಎಂದು ಒಬ್ಬನೇ ನಕ್ಕೆ.

ನಾಲ್ಕೈದು ದಿನಕ್ಕೆ ಅಕ್ಕ ತೀರಿಕೊಂಡ ಖಬರು ಬಂತು. ಮಣ್ಣಿಗೆ ಹೋದಾಗ ಅವಳ ನೆರೆಮನೆಯವಳು ಅಳುತ್ತ ಹೇಳುತ್ತಿದ್ದಳು, "ದಮ್ಮು ಹೆಚ್ಚಾದ ಕೂಡ್ಲೆ ತಮ್ಮಗ ಫೋನ್ ಮಾಡಿದ್ವಿ. ಟಂಟಂ ತರತೀವಿ ಅಂದ್ರ ಒಲ್ಲೆ ಅಂದ್ಲು. ಹೊಗಿಯಾಗ ಹೋದ್ರ ದಾರ್ಯಾಗ ಸಾಯ್ತೀನಿ, ನನ್ನ ತಮ್ಮ ಬರತಾನ ಅಂತ ಬಾಗಲಾ ನೋಡಕೋತ ಕುಂತಿದ್ಲು." ತಮ್ಮ ಬರುವ ಸ್ವಲ್ಪ ಮುಂಚೆ ಅವಳ ಕಣ್ಣು ನಿಂತಿತ್ತು.

ಯಾಕೆ ತಡವಾಯಿತು ಎಂದು ಗೆಳೆಯನನ್ನು ಕೇಳಿದೆ. "ಗಾಳಿ ಬಾಳ ಇತ್ತು," ಅಂದ.

ಆಗ ನಾನು ಆಡಿದ ಮಾತನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. "ಆ ಗಿಡ್ಡ ಕಾರು ಬ್ಯಾಡ ಅಂತ ಆವತ್ತ ಹೇಳಿದ್ನಲ್ಲಲೇ," ಅಂದೆ, ಹೆಣದ ಮುಂದೆ. ಅವನು ನನ್ನ ಮುಖ ನೋಡಿದ.

ದೀಪಾವಳಿ ಕಳೆದ ಮೇಲೆ ಕೆಲಸದ ಮೇಲೆ ಮುಂಡರಗಿಗೆ ಹೊರಟವನು ಡೋಣಿಗಿಂತ ಮೊದಲೇ ಸಿಗುವ ಒಂದು ಚಹಾದಂಗಡಿಯಲ್ಲಿ ನಿಂತೆ. ನನ್ನ ಸ್ಕೂಟರಿನ ಹಿಂದೆ ಬರೆಸಿದ್ದ ಬೆಟಗೇರಿ ಎಂಬುದನ್ನು ಓದಿ ಅಂಗಡಿಯ ಹೆಂಗಸು ಕೇಳಿದಳು, "ಕಾಕಾ, ನಿಮ್ಮೂರಾಗ ಒಬ್ರು ಸಣ್ಣ ಕರೆಂಟ್ ಕಾರಿನ ಅಜ್ಜಾರು ಅದಾರಲ್ರೀ, ಈಗ ಯಾಕ ಬರವಲ್ರು?"

"ನಿಂಗ ಹೆಂಗ ಗೊತ್ತವ್ವ ಅವ?"

"ಪ್ರತಿ ಗುರುವಾರ ಬರತಿದ್ರಲ್ರೀ. ಕಾರಿನ ಮ್ಯಾಲಿನ ಕಬ್ಬಿಣದ ಮಂಚಾ ಬಿಚ್ಚಿ ಇಲ್ಲಿ ಇಟ್ಟು ಹೋಗೋರು. ಸಂಜಿಕ್ಕ ತಿರುಗಿ ಬಂದು ಮತ್ತ ಕುಂಡ್ರಿಸಿಕೊಂಡು ಊರಿಗೆ ಹೋಗೋರು. ಅಲ್ಲೀತನಕ ನಾನು ಅದರ ಮ್ಯಾಲೆ ಸೀರಿ ಹಾಸಿ ಮೆಣಸಿನಕಾಯಿ ಒಣಗಸ್ತಿದ್ದೆ. ಅದಿದ್ರ ಗಾಳಿ ತಡಿತೈತಿ, ಕರೆಂಟು ಸಾಲೂದಿಲ್ಲ ಅಂತಿದ್ರು. ಹಂಗಾರ ಮನ್ಯಾಗ ಬಿಟ್ಟು ಬರ್ರಿ ಅಂದ್ನಿ. 'ನನ್ನ ದೋಸ್ತ ಮಾಡಿಕೊಟ್ಟಾನವ್ವ, ಕಾರಿನ ಮ್ಯಾಲೆ ಕಾಣಲಿಲ್ಲಂದ್ರ ಅಂವ ಊಟಾ ಬಿಡತಾನ' ಅಂತ ನಗತಿದ್ರು."

ಚಹಾ ಕೈಯಲ್ಲೇ ಆರಿತು. ಅವಳು ಲೋಟ ತೊಳೆಯುತ್ತ ಮುಂದುವರಿಸಿದಳು.

"ಕಡೀ ಸಲ ಬಂದದ್ದು ಗುರುವಾರ ಅಲ್ರಿ. ಭಾಳ ಗಡಿಬಿಡ್ಯಾಗ ಇದ್ರು. ಮುಂಜಾನಿಂದ ಊರಾಗ ಕರೆಂಟಿಲ್ಲ, ಅರ್ಧನೂ ಚಾರ್ಜಿಲ್ಲ ಅಂದ್ರು. ಪಾನಾ ಹಚ್ಚಿ ನಟ್ಟು ತಿರುವಿದ್ರ ತಿರಗವಲ್ದು. ನಾನೂ ಕೈ ಹಾಕಿದ್ನಿ. ನೋಡಿದ್ರ ಯಾವನೋ ವೆಲ್ಡಿಂಗ್ ಹೊಡದಾನ, ಅವನ ಕೈ ಸೇದಿ ಹೋಗಲಿ. ಅಜ್ಜಾರು ಆ ವೆಲ್ಡಿಂಗಿನ ಮ್ಯಾಲೆ ಬೆರಳಾಡಿಸಿ ಪಾನಾ ಒಳಗ ಇಟ್ರು. ಜೋರು ಹೊಡದ್ರ ಮುಂಡರಗಿ ಮುಟ್ಟೂದಿಲ್ಲ, ಸಾವಕಾಶ ಹೋಗಬೇಕು ಅಂದ್ರು. ಎದುರು ಗಾಳಿ ಬ್ಯಾರೆ. ಸೈಕಲ್ಲಿನವರೂ ಅವರನ್ನ ದಾಟಿ ಹೋದ್ರು ನೋಡ್ರಿ."

ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಮುಂಡರಗಿಗೆ ಹೋಗದೆ ಸ್ಕೂಟರ್ ತಿರುಗಿಸಿದೆ.

ಮರುದಿನ ಕಬ್ಬಿಣ ಕತ್ತರಿಸುವ ಯಂತ್ರ ಹಿಡಿದು ಅವನ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಕೂತಿದ್ದ. ನಾನು ಪ್ಲಗ್ಗಿಗೆ ಜಾಗ ಹುಡುಕುತ್ತಿದ್ದುದನ್ನು ನೋಡಿ ಅವನಿಗೆ ಅರ್ಥವಾಯಿತು.

"ಆ ಚಹಾದಾಕಿ ಹೇಳಿದ್ಲೇನು?"

"ನೀ ಯಾಕ ಹೇಳಲಿಲ್ಲಲೇ?"

"ಹೇಳಿದ್ರ ಅಕ್ಕ ಬರತಿದ್ಲೇನು?"

"ಸರಿ ಆಕಡೆ. ಕೊಯ್ದು ಒಗಿತೀನಿ."

ಅವನು ಎದ್ದು ಬಂದು ನನ್ನ ಕೈಯಿಂದ ವೈರು ತೆಗೆದುಕೊಂಡ. ನಿಧಾನವಾಗಿ, ನೂಲು ಸುತ್ತುವ ಹಾಗೆ, ಮೊಳಕೈಗೆ ಸುತ್ತತೊಡಗಿದ.

"ಇರಲಿ ಬಿಡು. ನಾನಿನ್ನ ದೂರ ಎಲ್ಲಿಗೆ ಹೋಗೂದೈತಿ? ಗದಗಿನ ಸಂತಿಗೆ ಹೋಗಿ ಬರಾಕ ಇದು ಇದ್ರೂ ಕರೆಂಟು ಸಾಕಾಗತೈತಿ."